ತೆಂಗು ಅಡಕೆಯ ತೋಟಗಳಲ್ಲಿ ಕಲ್ಲಿನ ಕಟ್ಟಡ

ನಗರಗಳಲ್ಲಿ ಹೊಸದಾಗಿ ಮನೆ ಕಟ್ಟಿಸಿದವರು ಅಂಗಳದ ಮೂಲೆಯಲ್ಲಿ ತಾಳೆಯ ಕುಲದ ಒಂದೆರಡು ಗಿಡಗಳನ್ನು ನೆಟ್ಟು, ಬುಡದಲ್ಲಿ ನುಣುಪಾದ ಗುಂಡುಕಲ್ಲುಗಳನ್ನು ಜೋಡಿಸಿ, ಹಿಂದುಗಡೆ ಚಿಕ್ಕದೊಂದು ಕಲ್ಲುಗೋಡೆಯನ್ನು ಎಬ್ಬಿಸುವುದು ಈಗ ಬಹಳ ಕಡೆಗಳಲ್ಲಿ ಕಾಣುವ ರೂಢಿ. ನೋಡುವುದಕ್ಕೆ ಅದು ಚೆಲುವಾಗಿಯೇ ಇರುತ್ತದೆ. ಆದರೆ ಈ ಮರಗಳಿಗೂ ಕಲ್ಲಿಗೂ ಇರುವ ನಂಟು ಅಲಂಕಾರದಿಂದ ಹುಟ್ಟಿದ್ದಲ್ಲ. ಮಳೆ ಕಡಿಮೆಯಾದ, ಮಣ್ಣು ತೆಳುವಾದ, ಕಲ್ಲು ಮಾತ್ರ ಬೇಕಾದಷ್ಟಿರುವ ನಾಡುಗಳಲ್ಲಿ ತೋಟವನ್ನು ಉಳಿಸಿಕೊಳ್ಳುವುದಕ್ಕಾಗಿ ಹುಟ್ಟಿದ್ದು ಅದು. ಅಂತಹ ನಾಡೊಂದು ನಮ್ಮಲ್ಲಿಯೇ ಇದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳ ಸೀಮೆಯನ್ನು ಮುಂದಿಟ್ಟುಕೊಂಡು, ತೆಂಗು ಅಡಕೆಯ ತೋಟಗಳಲ್ಲಿ ಕಲ್ಲು ಮಾಡುವ ಕೆಲಸವೇನು, ಅದನ್ನು ಹೇಗೆ ಇಡಬೇಕು, ಎಲ್ಲಿ ಇಡಬಾರದು ಎಂಬುದನ್ನು ಈ ಉಪನ್ಯಾಸದಲ್ಲಿ ವಿಚಾರಮಾಡೋಣ.

ಮೊದಲು ನೆಲದ ಪರಿಚಯ ಮಾಡಿಕೊಳ್ಳಬೇಕು. 1800ರಲ್ಲಿ ನಿಜಾಮನಿಂದ ಇಂಗ್ಲಿಷರ ಕೈಸೇರಿದ ದತ್ತ ಮಂಡಲದ ಭಾಗ ಇದು. 1953ರ ಅಕ್ಟೋಬರಿನವರೆಗೆ ಮದರಾಸಿಗೆ ಸೇರಿದ್ದು, ಆಮೇಲೆ ಮೈಸೂರಿನೊಡನೆ ಕೂಡಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ಈ ಎಲ್ಲ ತಾಲ್ಲೂಕುಗಳೂ ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಆಡಳಿತದ ಗಡಿಗಳು ಹೀಗೆ ಎಷ್ಟೇ ಬದಲಾದರೂ ನೆಲದ ಗುಣ ಬದಲಾಗಿಲ್ಲ. ಪೂರ್ವಕ್ಕೆ ಕೂಡ್ಲಿಗಿಯ ಗುಡೇಕೋಟೆಯ ಕಡೆಗೆ ಹೋದರೆ, ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಕಣಶಿಲೆಯ ಗುಡ್ಡಗಳು ಬಂಡೆಯ ಮೇಲೆ ಬಂಡೆ ಪೇರಿಸಿದಂತೆ ನಿಂತಿರುತ್ತವೆ. ಅವುಗಳ ತಪ್ಪಲಿನಲ್ಲಿರುವುದು ಕೆಂಪಾದ ಮಸಾರಿ ಭೂಮಿ. ಅಡಿ ಎರಡಡಿ ಅಗೆಯುವಷ್ಟರಲ್ಲಿ ಹಾರೆಗೆ ಗರಸು ತಗಲುತ್ತದೆ. ಪಶ್ಚಿಮಕ್ಕೆ ಹಡಗಲಿಯ ಕಡೆ ತುಂಗಭದ್ರೆಯ ದಂಡೆಗೆ ಇಳಿದರೆ ಎರೆಭೂಮಿ. ನಡುವೆ ಎರಡೂ ಬೆರೆತ ನೆಲ. ಮಳೆಯೆಂದರೆ ವರ್ಷಕ್ಕೆ 25 ಅಂಗುಲದ ಆಸುಪಾಸು. ತೆಂಗಿಗೆ ಹಿತವಾದ ಮಳೆ ಇದರ ಎರಡು ಮೂರು ಪಾಲಿನಷ್ಟು. ಇರುವ ಮಳೆಯೂ ಹದವಾಗಿ ಹರಡಿ ಬರುವುದಿಲ್ಲ. ತಿಂಗಳುಗಟ್ಟಲೆ ಬಾನು ಬರಿದಾಗಿದ್ದು, ಸೆಪ್ಟೆಂಬರ್ ಅಕ್ಟೋಬರಿನ ಒಂದೆರಡು ಸಂಜೆಗಳಲ್ಲಿ ಧೋ ಎಂದು ಸುರಿದು, ಹಳ್ಳವನ್ನು ಕೆಂಪಾಗಿಸಿ ಹೊರಟುಹೋಗುತ್ತದೆ.

ಆ ಕೆಂಪು ಎಲ್ಲಿಯದು? ತೋಟದ ಮಣ್ಣಿನದೇ. ಗರಸಿನ ಮೇಲೆ ಕುಳಿತಿರುವ ಆ ತೆಳುವಾದ ಪದರವು ಬಂಡೆ ಸವೆದು ಉಂಟಾಗುವುದಕ್ಕೆ ನೂರಾರು ವರ್ಷ ಹಿಡಿಯುತ್ತದೆ; ಕೊಚ್ಚಿಹೋಗುವುದಕ್ಕೆ ಒಂದು ಗಳಿಗೆ ಸಾಕು. ಈ ಸೀಮೆಯ ತೋಟಗಾರನ ಮುಂದಿರುವ ಪ್ರಶ್ನೆ ಇಷ್ಟೆ: ಸುರಿದ ನೀರನ್ನು ಓಡಲು ಬಿಡದೆ ನಡೆಸುವುದು ಹೇಗೆ? ಅದಕ್ಕೆ ಉತ್ತರ ಅವನ ಹೊಲದಲ್ಲಿಯೇ ಬಿದ್ದಿದೆ. ನೇಗಿಲಿಗೆ ಅಡ್ಡಬರುತ್ತದೆಂದು ಎತ್ತಿ ಎಸೆಯುವ ಕಲ್ಲೇ ಆ ಉತ್ತರ.

ಇದರ ಬೆಲೆಯನ್ನು ತಿಳಿಯಲು ಒಂದು ಚಿಕ್ಕ ಲೆಕ್ಕ ಮಾಡಬಹುದು. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಆ ನೀರು ಒಂದು ಲಕ್ಷ ಲೀಟರಿಗೆ ಸ್ವಲ್ಪ ಮೇಲಾಗುತ್ತದೆ. ತೆಂಗನ್ನು 25 ಅಡಿಗೊಂದರಂತೆ ಚೌಕವಾಗಿ ನೆಟ್ಟರೆ ಎಕರೆಗೆ ಸುಮಾರು 70 ಮರ. ಅಂದಮೇಲೆ ಒಂದೊಂದು ಮರದ ಪಾಲಿಗೆ 1,450 ಲೀಟರಿನಷ್ಟು ನೀರು ಬಂದಂತಾಯಿತು. ಬೇಸಗೆಯಲ್ಲಿ ಬೆಳೆದ ಮರಕ್ಕೆ ದಿನಕ್ಕೆ 50 ಲೀಟರಿನಂತೆ ಕೊಡುವುದಾದರೆ ಇದು ನಾಲ್ಕು ವಾರಗಳ ನೀರು. ಅದರಲ್ಲಿ ಅರ್ಧ ಆವಿಯಾಗಿ ಹೋದರೂ ಎರಡು ವಾರ ಉಳಿಯಿತು. ಇಳಿಜಾರಿನ ತೋಟದಲ್ಲಿ ತಡೆಯಿಲ್ಲದಿದ್ದರೆ ಇದರ ಬಹುಪಾಲು ಅರ್ಧ ಗಂಟೆಯೊಳಗೆ ನೆರೆಹೊಲವನ್ನು ದಾಟಿ ಹಳ್ಳವನ್ನು ಸೇರಿರುತ್ತದೆ, ಜೊತೆಯಲ್ಲಿ ಮಣ್ಣನ್ನೂ ಗೊಬ್ಬರವನ್ನೂ ಒಯ್ದಿರುತ್ತದೆ.

ಇನ್ನು ಮರದ ಸ್ವಭಾವ. ತೆಂಗು, ಅಡಕೆ, ತಾಳೆ, ಈಚಲು, ಬೈನೆ ಇವೆಲ್ಲವೂ ಒಂದೇ ಕುಲದವು. ಮಾವು ಬೇವುಗಳಂತೆ ಇವುಗಳಿಗೆ ತಾಯಿಬೇರಿಲ್ಲ. ಬುಡದ ಗಡ್ಡೆಯಿಂದ ಹಗ್ಗದಂತಹ ಬೇರುಗಳು ಸಾವಿರಗಟ್ಟಲೆ ಹೊರಟು ಸುತ್ತಲೂ ಹರಡುತ್ತವೆ. ಬೆಳೆದ ತೆಂಗಿನಲ್ಲಿ ಇಂತಹ ಬೇರುಗಳು ನಾಲ್ಕು ಸಾವಿರಕ್ಕೂ ಹೆಚ್ಚು; ಅವುಗಳಲ್ಲಿ ಬಹುಪಾಲು ಬುಡದಿಂದ ಆರೇಳು ಅಡಿಯ ಸುತ್ತಳತೆಯಲ್ಲಿ, ಒಂದರಿಂದ ನಾಲ್ಕು ಅಡಿ ಆಳದೊಳಗೆ ಇರುತ್ತವೆ. ಅಡಕೆಯ ಬೇರು ಇನ್ನೂ ಹತ್ತಿರ, ಇನ್ನೂ ಮೇಲೆ. ಆದುದರಿಂದ ಮೇಲ್ಮಣ್ಣು ಒಂದು ಗೇಣು ಹೋದರೆ ಈ ಮರಗಳಿಗೆ ಆಗುವ ನಷ್ಟ ಆಳಕ್ಕೆ ಬೇರಿಳಿಸುವ ಮರಗಳಿಗೆ ಆಗುವುದಕ್ಕಿಂತ ಬಹಳ ಹೆಚ್ಚು. ಎರಡನೆಯ ಸಂಗತಿ: ತೆಂಗಿನ ಹೊಂಬಾಳೆ ಮರದ ಸುಳಿಯೊಳಗೆ ಮೊಳೆಯುವ ದಿನದಿಂದ ಅದರ ಕಾಯಿ ಬಲಿತು ಕೈಗೆ ಬರುವವರೆಗೆ ಸುಮಾರು 44 ತಿಂಗಳು ಬೇಕು. ಇಂದಿನ ನೀರಿನ ಕೊರತೆ ಮುಂದಿನ ಮೂರು ವರ್ಷಗಳ ಗೊನೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಬರ ಮುಗಿದು ಮಳೆಯಾದ ಮೇಲೂ ಮರ ಏಕೆ ಕಾಯಿ ಕಟ್ಟುವುದಿಲ್ಲವೆಂದು ಕೇಳುವವರಿಗೆ ಉತ್ತರ ಇಲ್ಲಿದೆ. ಮೂರನೆಯದು: ಈ ಮರಗಳ ಕಾಂಡಕ್ಕೆ ಗಾಯವನ್ನು ಮುಚ್ಚಿಕೊಳ್ಳುವ ಶಕ್ತಿಯಿಲ್ಲ. ಮಾವಿನ ಮರಕ್ಕೆ ತೊಗಟೆಯ ಕೆಳಗೆ ಹೊಸ ಮರವನ್ನು ಕಟ್ಟುವ ಒಂದು ಜೀವಂತ ಪದರವಿದ್ದು, ಕೊಡಲಿಯ ಏಟೂ ಕ್ರಮೇಣ ಮುಚ್ಚಿಹೋಗುತ್ತದೆ. ತೆಂಗಿಗೆ ಆ ಪದರವೇ ಇಲ್ಲ. ಒಮ್ಮೆ ಆದ ಗಾಯ ಮರ ಇರುವವರೆಗೂ ಇರುತ್ತದೆ. ಕಲ್ಲನ್ನು ಇಡುವವರು ಈ ಮೂರು ಸಂಗತಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡಿರಬೇಕು.

ಈಗ ಗೋಡೆಯ ವಿಷಯ. ತೋಟಕ್ಕೆ ಬೇಕಾದ ಗೋಡೆ ನೀರನ್ನು ನಿಲ್ಲಿಸುವ ಗೋಡೆಯಲ್ಲ, ಸೋಸಿ ಬಿಡುವ ಗೋಡೆ. ಗಾರೆ ಸಿಮೆಂಟುಗಳಿಲ್ಲದೆ ಒಣಗಲ್ಲನ್ನು ಕೂಡಿಸಿ ಕಟ್ಟಿದ ಗೋಡೆಯ ಸಂದುಗಳಲ್ಲಿ ನೀರು ಜಿನುಗಿ ಹೋಗುತ್ತದೆ. ಹೋಗುವಾಗ ವೇಗವನ್ನು ಕಳೆದುಕೊಂಡು, ತಾನು ಹೊತ್ತು ತಂದ ಮಣ್ಣನ್ನು ಗೋಡೆಯ ಹಿಂದೆ ಇಳಿಸಿ ಹೋಗುತ್ತದೆ. ಕೆಲವು ಮಳೆಗಾಲಗಳಲ್ಲಿ ಅಲ್ಲಿ ಸಮತಟ್ಟಾದ ಒಂದು ಪಟ್ಟಿ ತಾನಾಗಿ ಏರ್ಪಡುತ್ತದೆ. ಸೋರುವುದು ಮನೆಯ ಗೋಡೆಗೆ ದೋಷ, ತೋಟದ ಗೋಡೆಗೆ ಗುಣ. ಸಿಮೆಂಟಿನಿಂದ ಮುಚ್ಚಿದ ಗೋಡೆ ಬಲವಾಗಿ ಕಂಡರೂ ಅದರ ಹಿಂದೆ ನೀರು ನಿಂತಾಗ ಕಥೆ ಬೇರೆಯಾಗುತ್ತದೆ. ಒಂದು ಘನ ಅಡಿ ನೀರು 28 ಕಿಲೊಗ್ರಾಮಿನಷ್ಟು ತೂಗುತ್ತದೆ. ನೆಂದು ನೀರು ತುಂಬಿದ ಮಣ್ಣು, ನೀರು ಬಸಿದ ಮಣ್ಣಿಗಿಂತ ಸುಮಾರು ಇಮ್ಮಡಿ ಒತ್ತಡದಿಂದ ಗೋಡೆಯನ್ನು ಮುಂದಕ್ಕೆ ನೂಕುತ್ತದೆ. ಸಿಮೆಂಟಿನ ಗೋಡೆಗಳು ಒಂದೇ ಮಳೆಗೆ ಉದ್ದಕ್ಕೂ ಮಗುಚಿಕೊಳ್ಳುವುದು ಇದರಿಂದಲೇ. ಗಾರೆಯನ್ನು ಬಳಸಲೇಬೇಕಾದಲ್ಲಿ ಗೋಡೆಯ ಕೆಳಭಾಗದಲ್ಲಿ ನಾಲ್ಕೈದು ಅಡಿಗೊಂದರಂತೆ ನೀರುಗಂಡಿಗಳನ್ನು ಬಿಟ್ಟು, ಅವುಗಳ ಹಿಂದೆ ಜಲ್ಲಿಯನ್ನು ತುಂಬತಕ್ಕದ್ದು.

ಒಣಗಲ್ಲಿನ ಗೋಡೆಯನ್ನು ಕಟ್ಟುವ ಕ್ರಮ ಸರಳವಾದುದು. ಆದರೆ ಅದರ ಒಂದೊಂದು ನಿಯಮಕ್ಕೂ ಕಾರಣವಿದೆ. ಮೊದಲು ಇಳಿಜಾರಿಗೆ ಅಡ್ಡಲಾಗಿ ಸಮಮಟ್ಟದ ಗೆರೆಯನ್ನು ಗುರುತಿಸಬೇಕು. ನೀರು ತುಂಬಿದ ಪಾರದರ್ಶಕ ಕೊಳವೆಯೊಂದು ಇದಕ್ಕೆ ಸಾಕು. ಗೆರೆ ಹೊಲದ ಅಂಚಿನಂತೆ ನೇರವಾಗಿರದೆ ಹಾವಿನಂತೆ ಬಳಕಬಹುದು; ಬಳಕಲಿ. ನೇರವಾದ ಗೋಡೆ ಒಂದು ತುದಿಯಲ್ಲಿ ತಗ್ಗಾಗಿ ನೀರನ್ನೆಲ್ಲ ಅಲ್ಲಿಗೆ ಕರೆದು ಒಡೆಯುತ್ತದೆ. ಗೆರೆಯುದ್ದಕ್ಕೂ ಗರಸು ಸಿಗುವವರೆಗೆ ಅಡಿಪಾಯ ತೋಡಿ, ಅತಿ ದೊಡ್ಡ ಕಲ್ಲುಗಳನ್ನು ಅಲ್ಲಿ ಕೂರಿಸಬೇಕು. ಮೂರಡಿ ಎತ್ತರದ ಗೋಡೆಗೆ ತಳದಲ್ಲಿ ಎರಡೂವರೆ ಅಡಿ, ತಲೆಯಲ್ಲಿ ಒಂದೂವರೆ ಅಡಿ ಅಗಲವಿದ್ದರೆ ಎರಡು ಮುಖಗಳೂ ಒಳಕ್ಕೆ ವಾಲಿ ಒಂದನ್ನೊಂದು ಆತುಕೊಳ್ಳುತ್ತವೆ. ಕಲ್ಲಿನ ಉದ್ದ ಗೋಡೆಯ ಒಳಕ್ಕೆ ಹೋಗಬೇಕು. ಅಂದಕ್ಕಾಗಿ ಅಗಲವಾದ ಮೈಯನ್ನು ಹೊರಗೆ ತೋರಿಸಿ ನಿಲ್ಲಿಸಿದ ಕಲ್ಲು ಬೇಗ ಕಳಚಿ ಬೀಳುತ್ತದೆ. ಕೆಳಗಿನ ಸಾಲಿನ ಸಂದಿನ ಮೇಲೆ ಮೇಲಿನ ಸಾಲಿನ ಕಲ್ಲು ಬರಬೇಕು. ನಡುವಿನ ಎತ್ತರದಲ್ಲಿ ಒಂದೊಂದು ಗಜಕ್ಕೆ ಒಂದರಂತೆ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಮುಟ್ಟುವ ಉದ್ದಗಲ್ಲನ್ನು ಹಾಕಬೇಕು. ನಡುವಣ ಟೊಳ್ಳಿಗೆ ಮಣ್ಣನ್ನು ತುಂಬದೆ ಕಲ್ಲಿನ ಚಕ್ಕೆಗಳನ್ನೇ ಬಿಗಿಯಾಗಿ ಜಡಿಯಬೇಕು, ಮಣ್ಣಾದರೆ ಮೊದಲ ಮಳೆಗೆ ಕರಗಿ ಗೋಡೆ ಕುಸಿಯುತ್ತದೆ. ತಲೆಯ ಮೇಲೆ ಭಾರವಾದ ಚಪ್ಪಡಿಗಳನ್ನು ಹೊದಿಸಿದರೆ ಕೆಳಗಿನದೆಲ್ಲ ಒತ್ತಿ ನಿಲ್ಲುತ್ತದೆ. ಈ ಸೀಮೆಯ ಕಣಶಿಲೆಯು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುವುದರಿಂದ ಇಂತಹ ಚಪ್ಪಡಿಗಳಿಗೆ ಕೊರತೆಯಿಲ್ಲ. ಈ ವಿದ್ಯೆಯನ್ನು ತಲೆಮಾರುಗಳಿಂದ ಕೈಯಲ್ಲಿ ಉಳಿಸಿಕೊಂಡು ಬಂದವರು ಭೋವಿ ಜನಾಂಗದ ಕಲ್ಲುಕೆಲಸದವರು. ಕಲ್ಲನ್ನು ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿ ಅದರ ಜಾಗವನ್ನು ನಿರ್ಣಯಿಸುವ ಅವರ ಕಣ್ಣು ಪುಸ್ತಕದಿಂದ ಬರುವಂತಹುದಲ್ಲ.

ಗೋಡೆಯಷ್ಟೇ ಮುಖ್ಯವಾದುದು ಕೋಡಿ. ಹೆಚ್ಚಿನ ನೀರು ಹೋಗುವುದಕ್ಕೆ ದಾರಿಯನ್ನು ನಾವು ತೋರಿಸದಿದ್ದರೆ ಅದು ತಾನೇ ದಾರಿಯನ್ನು ಮಾಡಿಕೊಳ್ಳುತ್ತದೆ. ಹರಿಯುವ ನೀರಿನ ಶಕ್ತಿ ಎಂತಹುದೆಂದರೆ, ಅದರ ವೇಗ ಎರಡರಷ್ಟಾದರೆ ಮೊದಲು ಉರುಳಿಸುತ್ತಿದ್ದುದಕ್ಕಿಂತ 64 ಪಾಲು ತೂಕದ ಕಲ್ಲನ್ನು ಉರುಳಿಸಬಲ್ಲದು. ಹಾಗೆಯೇ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅದರ ಹಾವಳಿಯೂ ಅಷ್ಟೇ ಪಾಲು ಇಳಿಯುತ್ತದೆ. ಇದಕ್ಕಾಗಿ ಕೋಡಿಯ ಬಾಯನ್ನು ಗೋಡೆಗಿಂತ ಮುಕ್ಕಾಲು ಅಡಿ ತಗ್ಗಿಸಿ, ನೀರು ಬೀಳುವ ಜಾಗಕ್ಕೆ ಮೂರು ನಾಲ್ಕು ಅಡಿ ಉದ್ದಕ್ಕೆ ಕಲ್ಲು ಹಾಸಬೇಕು. ಹಾಸದಿದ್ದರೆ ಬಿದ್ದ ನೀರು ಗುಂಡಿ ಕೊರೆದು ಗೋಡೆಯನ್ನು ಬುಡದಿಂದ ಕೀಳುತ್ತದೆ. ತೋಟದ ಪಕ್ಕದ ಕೊರಕಲುಗಳಿಗೂ ಇದೇ ಉಪಾಯ. ಒಂದು ದೊಡ್ಡ ಕಟ್ಟೆಗಿಂತ, ಒಂದರ ತಲೆಯ ಮಟ್ಟಕ್ಕೆ ಮೇಲಿನದರ ಬುಡ ಬರುವಂತೆ ಹತ್ತು ಚಿಕ್ಕ ಕಲ್ಲುತಡೆಗಳನ್ನು ಇಡುವುದು ಲೇಸು.

ಹಡಗಲಿಯ ಎರೆಭೂಮಿಯಲ್ಲಿ ಮಾತ್ರ ಸ್ವಲ್ಪ ಬೇರೆ ವಿವೇಕ ಬೇಕು. ಎರೆಮಣ್ಣು ನೆಂದಾಗ ಉಬ್ಬುತ್ತದೆ, ಒಣಗಿದಾಗ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಕಟ್ಟಿದ ಬಿಗಿಯಾದ ಗೋಡೆ ಎರಡು ಮೂರು ವರ್ಷಗಳಲ್ಲಿ ಸೀಳುತ್ತದೆ. ಅಲ್ಲಿ ಎತ್ತರವನ್ನು ಒಂದೂವರೆ ಅಡಿಗೆ ಇಳಿಸಿ, ಅಗಲವನ್ನು ಹೆಚ್ಚಿಸಿ, ನೆಲ ಅಲುಗಿದಂತೆ ತಾನೂ ಅಲುಗಿ ಕೂರುವ ಸಡಿಲವಾದ ಕಲ್ಲಿನ ಬದುವನ್ನು ಹಾಕುವುದೇ ಸರಿಯಾದುದು. ನೆರೆಯ ಕೊಪ್ಪಳ ಗದಗು ಸೀಮೆಗಳಲ್ಲಿ ರೈತರು ಹಳ್ಳದ ಮರಳನ್ನು ತಂದು ಎರೆಹೊಲಕ್ಕೆ ಹೊದಿಸುವ ಪದ್ಧತಿಯುಂಟು. ಮಳೆಯ ಹನಿಯ ಪೆಟ್ಟು ಮಣ್ಣಿಗೆ ತಾಗದು, ನೀರು ಒಳಗಿಳಿಯುತ್ತದೆ, ಬಿಸಿಲಿಗೆ ಬಿರುಕು ಬಿಡುವುದೂ ಕಡಿಮೆಯಾಗುತ್ತದೆ. ಕಲ್ಲು ಪುಡಿಯಾದರೂ ತನ್ನ ಕೆಲಸವನ್ನು ಬಿಡುವುದಿಲ್ಲವೆಂಬುದಕ್ಕೆ ಇದು ನಿದರ್ಶನ. ಈ ಬಗೆಯ ನೆಲಗಳಲ್ಲಿ ಮಣ್ಣನ್ನು ಉಳಿಸುವ ಕ್ರಮಗಳನ್ನು ಪರೀಕ್ಷಿಸುವುದಕ್ಕಾಗಿಯೇ 1954ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣೆಯ ಸಂಶೋಧನ ಕೇಂದ್ರವೊಂದು ಸ್ಥಾಪಿತವಾಯಿತು.

ಗೋಡೆಯಿಂದ ಮರದ ಬುಡಕ್ಕೆ ಬರೋಣ. ತೆಂಗಿನ ಪಾತಿಯ ಅಂಚಿಗೆ, ಬುಡದಿಂದ ಆರು ಅಡಿಯ ದೂರದಲ್ಲಿ, ಒಂದು ಸುತ್ತು ಕಲ್ಲು ಹೂಳಿದರೆ ಪಾತಿಯ ಕಟ್ಟೆ ಪ್ರತಿವರ್ಷವೂ ಒಡೆಯುವುದಿಲ್ಲ. ಇಳಿಜಾರಿನಲ್ಲಿ ಪೂರ್ಣ ಸುತ್ತು ಬೇಡ. ತಗ್ಗಿನ ಕಡೆಗೆ ಅರ್ಧಚಂದ್ರಾಕಾರವಾಗಿ ಇಟ್ಟು ಮೇಲಿನ ಕಡೆ ತೆರೆದಿಟ್ಟರೆ ಬರುವ ನೀರು ಪಾತಿಯೊಳಗೆ ನಿಲ್ಲುತ್ತದೆ. ಪಾತಿಯೊಳಗಿನ ಹೊದಿಕೆಗೆ ತೆಂಗಿನ ಸಿಪ್ಪೆ, ಗರಿ, ಸೋಗೆಗಳೇ ಉತ್ತಮ. ಅವು ಕೊಳೆತು ಗೊಬ್ಬರವೂ ಆಗುತ್ತವೆ. ಅವು ಸಾಲದಾದಲ್ಲಿ ಮುಷ್ಟಿಗಾತ್ರದ ಕಲ್ಲುಗಳನ್ನು ತೆಳುವಾಗಿ ಹರಡಬಹುದು. ಆದರೆ ಕಾಂಡಕ್ಕೆ ತಾಗಿಸಿ ಕಲ್ಲನ್ನು ಎಂದಿಗೂ ಪೇರಿಸಬಾರದು. ಗಾಳಿಗೆ ಮರ ತೂಗಿದಂತೆಲ್ಲ ಕಲ್ಲು ಉಜ್ಜಿ ಗಾಯ ಮಾಡುತ್ತದೆ, ಸಂದಿನಲ್ಲಿ ತೇವ ನಿಂತು ರೋಗಕ್ಕೆ ಎಡೆಯಾಗುತ್ತದೆ. ಆ ಗಾಯ ಮಾಯುವುದಿಲ್ಲವೆಂದು ಆಗಲೇ ಹೇಳಿದೆ. ಅಡಕೆಯ ತೋಟದಲ್ಲಿ ಕಲ್ಲಿನ ಕೆಲಸ ಇನ್ನೊಂದು ಬಗೆಯದು. ಅಡಕೆಗೆ ನೀರು ಬೇಕು, ನಿಂತ ನೀರು ಬೇಡ. ಸಾಲುಗಳ ನಡುವೆ ತೋಡಿದ ಬಸಿಗಾಲುವೆಯ ಪಕ್ಕಗಳಿಗೆ ಕಲ್ಲು ಜೋಡಿಸಿದರೆ ಅದು ಕುಸಿದು ಮುಚ್ಚಿಹೋಗುವುದಿಲ್ಲ. ಇನ್ನೊಂದು ಎಚ್ಚರಿಕೆ: ಪಡುವಣ ಬಿಸಿಲಿಗೆ ಎಳೆಯ ಅಡಕೆಯ ಕಾಂಡ ಸೀಯುತ್ತದೆ. ಬಿಸಿಲಿಗೆ ಕಾದ ಕಲ್ಲುಗೋಡೆ ಆ ತಾಪವನ್ನು ಹೆಚ್ಚಿಸುವುದರಿಂದ, ಗೋಡೆಗೂ ಮೊದಲ ಸಾಲಿಗೂ ನಡುವೆ ಬಾಳೆಯ ಒಂದು ಸಾಲನ್ನು ಹಾಕುವುದು ಕ್ಷೇಮ.

ಒಣಗಲ್ಲಿನ ಕಟ್ಟಡದ ಬಾಳಿಕೆಯನ್ನು ಸಂದೇಹಿಸುವವರು ಹತ್ತಿರದ ತುಂಗಭದ್ರೆಯ ದಂಡೆಯನ್ನು ನೋಡಬಹುದು. ವಿಜಯನಗರದ ಅರಸರು ನದಿಗೆ ದೊಡ್ಡ ಬಂಡೆಗಳ ಅಡ್ಡಗಟ್ಟೆಗಳನ್ನು ಹಾಕಿ ಕಾಲುವೆಗಳನ್ನು ತೆಗೆಸಿದರು. ಕೃಷ್ಣದೇವರಾಯನ ಕಾಲದ ಬಸವಣ್ಣ ಕಾಲುವೆ 1521ರದು. ತುರ್ತಾ ಕಾಲುವೆ ಇಂದಿಗೂ ಹಂಪೆಯ ಬಾಳೆ ತೆಂಗುಗಳಿಗೆ ನೀರುಣಿಸುತ್ತಿದೆ. ದೂರದ ಒಮಾನಿನ ಬೆಟ್ಟಗಳಲ್ಲಿ ಮಳೆ ನಮ್ಮದಕ್ಕಿಂತಲೂ ಬಹಳ ಕಡಿಮೆ. ಅಲ್ಲಿಯ ಜನ ಬೆಟ್ಟದ ಮೈಗೆ ಕಲ್ಲುಗೋಡೆಯ ಮೆಟ್ಟಿಲುಗಳನ್ನು ಕಟ್ಟಿ, ಕಲ್ಲಿನ ಕಿರುಗಾಲುವೆಗಳಲ್ಲಿ ಸರದಿಯ ಮೇಲೆ ನೀರನ್ನು ಹಾಯಿಸಿ, ಖರ್ಜೂರದ ತೋಟಗಳನ್ನು ಬಹುಕಾಲದಿಂದ ಕಾಪಾಡಿಕೊಂಡಿದ್ದಾರೆ. ಫಲಜ್ ಎಂದು ಕರೆಯುವ ಆ ನೀರಾವರಿಯ ಕ್ರಮವನ್ನು ಯುನೆಸ್ಕೊ ಸಂಸ್ಥೆ 2006ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಯೂರೋಪಿನ ಎಂಟು ದೇಶಗಳ ಒಣಗಲ್ಲು ಕಟ್ಟುವ ವಿದ್ಯೆಗೆ ಅದೇ ಸಂಸ್ಥೆಯ ಮನ್ನಣೆ 2018ರಲ್ಲಿ ದೊರೆಯಿತು. ನಮ್ಮ ಹೊಲದಂಚಿನ ಗೋಡೆಯೂ ಅದೇ ವಿದ್ಯೆಯ ಕೂಸು.

ಕಲ್ಲನ್ನು ಆರಿಸುವಾಗ ನೆನಪಿಡಬೇಕಾದ ಮಾತೊಂದಿದೆ. ಈ ಸೀಮೆ ಚಾಲುಕ್ಯರ ಕಾಲದ ದೇವಾಲಯಗಳಿಗೂ ಶಾಸನಗಳಿಗೂ ತವರು. ಬಾಗಳಿಯ ಕಲ್ಲೇಶ್ವರ, ಅಂಬಳಿಯ ಕಲ್ಲೇಶ್ವರ, ಕುರುವತ್ತಿಯ ಮಲ್ಲಿಕಾರ್ಜುನ ಇವುಗಳ ಹೆಸರನ್ನು ಕೇಳದವರಿಲ್ಲ. ಇಲ್ಲಿಯ ಅನೇಕ ಶಾಸನಗಳು 1939ರಲ್ಲಿ ಅಚ್ಚಾದ ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ ಪ್ರಕಟವಾಗಿವೆ. ಆದರೆ ಹೊಲಗಳಲ್ಲಿ, ಕೆರೆಯ ಏರಿಗಳಲ್ಲಿ ವೀರಗಲ್ಲು, ಮಾಸ್ತಿಗಲ್ಲು, ಅಕ್ಷರವಿರುವ ಕಂಬಗಳು ಇನ್ನೂ ಬಿದ್ದಿರಬಹುದು. ಕೆತ್ತನೆಯೋ ಬರಹವೋ ಇರುವ ಕಲ್ಲನ್ನು ಗೋಡೆಗೆ ಸೇರಿಸಿದರೆ ಒಂದು ಊರಿನ ಚರಿತ್ರೆಯನ್ನು ಹೂತಂತೆ. ಅಂತಹ ಕಲ್ಲನ್ನು ಮುಟ್ಟದೆ ಪುರಾತತ್ತ್ವ ಇಲಾಖೆಗೆ ತಿಳಿಸುವುದು ಧರ್ಮ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣವೇನೆಂದರೆ, ಕಳೆದ ಕೆಲವು ದಶಕಗಳಲ್ಲಿ ಕಲ್ಲಿನ ಮೇಲಿನ ಆದರ ತಗ್ಗಿದೆ. ಹಿಂದೆ ಕಲ್ಲುಕಟ್ಟಡದ ಬಾವಿಯಿಂದ ಕಪಿಲೆಯಲ್ಲಿ ನೀರೆತ್ತುತ್ತಿದ್ದಾಗ ಒಂದೊಂದು ಬಾನಿಗೂ ಎತ್ತಿನ ಬೆವರು ಬೀಳುತ್ತಿತ್ತು. ಮಳೆಯ ನೀರನ್ನು ಹಿಡಿದಿಡುವುದು ಎಲ್ಲರಿಗೂ ಬೇಕಾದ ಕೆಲಸವಾಗಿತ್ತು. ಕೊಳವೆಬಾವಿ ಬಂದ ಮೇಲೆ ಗುಂಡಿಯನ್ನು ಒತ್ತಿದರೆ ನೀರು ಬರುವುದೆಂಬ ಧೈರ್ಯ ಬೆಳೆಯಿತು. ಯಂತ್ರವು ಬದುಗಳನ್ನು ಒಂದೇ ದಿನದಲ್ಲಿ ಸಾಪುಮಾಡಿ, ಕಲ್ಲನ್ನೆಲ್ಲ ಮೂಲೆಗೆ ತಳ್ಳಿ ಹೊಲವನ್ನು ಅಗಲಮಾಡಿಕೊಟ್ಟಿತು. ಮೂಲೆಯ ರಾಶಿ ಹಾವು ಮುಳ್ಳುಹಂದಿಗಳಿಗೆ ಮನೆಯಾಯಿತು. ಮುಳ್ಳುಹಂದಿಯೋ ಎಳೆಯ ತೆಂಗಿನ ಬುಡವನ್ನು ಕಡಿಯುವುದರಲ್ಲಿ ನಿಪುಣ. ಆಮೇಲೆ 2015, 2016ರ ಬರಗಳು ಬಂದವು. 2023ರಲ್ಲಂತೂ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಬೇಕಾಯಿತು. ಕೊಳವೆಬಾವಿಯ ನೀರೂ ನೆಲಕ್ಕೆ ಇಂಗಿದ ಮಳೆಯ ನೀರೇ. ಇಂಗುವ ದಾರಿಯನ್ನು ಕೆಡಿಸಿದ ಮೇಲೆ ಎಷ್ಟು ಆಳಕ್ಕೆ ಕೊರೆದರೇನು? ಅಲ್ಪಾಯುವಿನ ಜೋಳ ಸಜ್ಜೆಗಳನ್ನು ಕಳೆದುಕೊಂಡವನು ಮುಂದಿನ ವರ್ಷ ಮತ್ತೆ ಬಿತ್ತಬಲ್ಲ. ಅಪ್ಪ ನೆಟ್ಟ ತೆಂಗಿನ ತಲೆ ಬಾಗಿದರೆ ಮಗ ಮತ್ತೆ ನೆಟ್ಟು ಫಲ ಕಾಣುವುದಕ್ಕೆ ಆರೇಳು ವರ್ಷ ಕಾಯಬೇಕು, ಅಷ್ಟು ದಿನ ಸಂಸಾರವೂ ಕಾಯಬೇಕು.

ನಗರದ ಶ್ರೋತೃಗಳಿಗೆ ಇದರಿಂದ ಏನು ಪ್ರಯೋಜನವೆಂದು ಕೇಳಬಹುದು. ಮೊದಲನೆಯದಾಗಿ, ನಿಮ್ಮಲ್ಲಿ ಅನೇಕರಿಗೆ ಊರಿನ ಕಡೆ ಇನ್ನೂ ಜಮೀನಿದೆ. ಅದನ್ನು ಸಾಪುಮಾಡಿಸಲು ಯಂತ್ರವನ್ನು ಕಳುಹಿಸುವ ಮುನ್ನ ಹಳೆಯ ಬದುಗಳು ಯಾವ ಗೆರೆಯಲ್ಲಿ ಓಡುತ್ತವೆಂದು ಒಮ್ಮೆ ನಡೆದು ನೋಡಿ. ಅದನ್ನು ಹಾಕಿದವರು ಹಲವು ಮಳೆಗಾಲ ನೀರಿನ ನಡೆಯನ್ನು ಕಂಡವರು. ಎರಡನೆಯದಾಗಿ, ಮನೆಯ ಅಂಗಳಕ್ಕೂ ನಿಯಮ ಇದೇ. ಗಿಡದ ಬುಡಕ್ಕೂ ಗುಂಡುಕಲ್ಲಿಗೂ ಒಂದು ಮೊಳವಾದರೂ ಅಂತರವಿರಲಿ. ಕಲ್ಲಿನ ಕೆಳಗೆ ಪ್ಲಾಸ್ಟಿಕ್ ಹಾಳೆಯನ್ನು ಹಾಸಿ ನೆಲದ ಉಸಿರನ್ನು ಕಟ್ಟಬೇಡಿ. ಅಂಗಳಕ್ಕೆ ಸಿಮೆಂಟನ್ನು ಬಳಿಯುವ ಬದಲು ಸಂದು ಬಿಟ್ಟು ಚಪ್ಪಡಿ ಹಾಸಿದರೆ ಮಾಳಿಗೆಯ ನೀರು ಬೀದಿಗೆ ಓಡದೆ ನಿಮ್ಮ ಮರಕ್ಕೇ ಸಲ್ಲುತ್ತದೆ. ಗೋಡೆಯನ್ನು ಕಟ್ಟಿಸುವುದಾದರೆ ನೀರುಗಂಡಿಯನ್ನು ಮರೆಯಬೇಡಿ.

ಕಲ್ಲು ಜಡವೆಂಬುದು ನಮ್ಮ ಮಾತಿನ ರೂಢಿ. ಆದರೆ ಸರಿಯಾದ ಮಟ್ಟದಲ್ಲಿ, ಸರಿಯಾದ ದೂರದಲ್ಲಿ, ಸಂದು ಬಿಟ್ಟು ಇಟ್ಟ ಕಲ್ಲು ಕೂಲಿಯಿಲ್ಲದೆ, ವಿದ್ಯುತ್ತಿಲ್ಲದೆ, ಒಂದೊಂದು ಮಳೆಗೂ ದುಡಿಯುತ್ತದೆ. ಕೂಡ್ಲಿಗಿಯಿಂದ ಹಡಗಲಿಯವರೆಗಿನ ರೈತರಿಗೆ ಆ ಆಳು ಮನೆಯ ಬಾಗಿಲಲ್ಲಿಯೇ ಕಾದಿದ್ದಾನೆ. ಅವನನ್ನು ಕೆಲಸಕ್ಕೆ ಹಚ್ಚುವುದೊಂದೇ ಉಳಿದಿರುವುದು.